ಸಕ್ಕರೆ ಹಾಕದ ತಟ್ಟೆಗಳು

ನಮ್ಮ ಪ್ರಯೋಗಾಲಯದ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ತಟ್ಟೆಯಕ್ಕ ಎಂದೇ. ನಲವತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಅಂಗೈಯಗಲದ ಗಾಜಿನ ತಟ್ಟೆಗಳನ್ನು ತೊಳೆಯುವುದು, ಆಟೋಕ್ಲೇವ್ ಎಂಬ ದೊಡ್ಡ ಹಬೆಯ ಡಬ್ಬಿಯಲ್ಲಿಟ್ಟು ಶುದ್ಧ ಮಾಡುವುದು, ಅವಕ್ಕೆ ಅಗರ್ ಎಂಬ ಕಡಲಪಾಚಿಯ ಬಿಸಿ ಗಂಜಿ ಸುರಿದು ಹೆಪ್ಪುಗಟ್ಟಿಸುವುದು, ಆಮೇಲೆ ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳನ್ನು ಬೆಳೆಸುವುದು. ಎರಡನೇ ಮಹಡಿಯ ಆ ಕೋಣೆಯ ಬಾಗಿಲ ಮೇಲೆ ಒಂದು ಮೊಳದುದ್ದದ ಹೆಸರು ಬರೆದಿತ್ತು. ಅವಳು ಮಾತ್ರ ಅದನ್ನು ಅಡುಗೆಮನೆ ಎನ್ನುತ್ತಿದ್ದಳು. ಸ್ವಂತ ಮನೆಯಲ್ಲಿ ಅವಳು ಒಲೆ ಹಚ್ಚಿದ್ದನ್ನು ಕಂಡವರಿಲ್ಲ. ಅಲ್ಲಿ ಅಡುಗೆ ತಂಗಿಯದು.

ನಾನು ಅದೇ ಕಟ್ಟಡದ ಕೆಳಮಹಡಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವಳು. ಹತ್ತಿ, ಸ್ಪಿರಿಟ್, ಅಗರ್, ಸಕ್ಕರೆ, ಬ್ಲೇಡು, ಏನು ಬೇಕಾದರೂ ನನ್ನ ಕಿಟಕಿಗೆ ಬಂದು ಚೀಟಿ ಕೊಡಬೇಕು. ಚೀಟಿ ಇಲ್ಲವೆಂದು ಪ್ರೊಫೆಸರನ್ನೂ ಬರಿಗೈಯಲ್ಲಿ ವಾಪಸ್ ಕಳಿಸಿದ್ದೇನೆ. ಹಾಗಾಗಿ ಎದುರಿಗೆ ನನ್ನನ್ನು ಸ್ಟೋರಮ್ಮ ಎನ್ನುತ್ತಿದ್ದರು, ಬೆನ್ನ ಹಿಂದೆ ಏನೆನ್ನುತ್ತಿದ್ದರೋ ನಾನು ವಿಚಾರಿಸಲು ಹೋಗಲಿಲ್ಲ. ಆದರೆ ಒಂದು ಮಾತು ಹೇಳುತ್ತೇನೆ. ಯಾವುದೇ ಕಟ್ಟಡದ ಒಳಗುಟ್ಟು ತಿಳಿಯಬೇಕಾದರೆ ಸ್ಟೋರಿನವರನ್ನು ಕೇಳಬೇಕು. ಯಾರು ಏನು ಕೇಳಿಕೊಂಡು ಬಂದರು ಎಂಬುದಕ್ಕಿಂತ, ಯಾರು ಏನನ್ನು ಕೇಳುವುದು ಬಿಟ್ಟರು ಎಂಬುದರಲ್ಲಿ ಸುದ್ದಿ ಇರುತ್ತದೆ.

ಪ್ರೊಫೆಸರಿಗೆ ಇದ್ದ ಹುಚ್ಚು ಕಲ್ಲುಹೂವಿನದು. ಹಳೆಯ ಗೋಡೆಯ ಮೇಲೆ, ಬಂಡೆಯ ಮೇಲೆ, ಮರದ ತೊಗಟೆಯ ಮೇಲೆ ಬೂದಿ ಬಣ್ಣದ ಹಕ್ಕಳೆಯ ಹಾಗೆ ಅಂಟಿಕೊಂಡಿರುತ್ತದಲ್ಲ, ಅದು. ನಾವು ನೀವು ಅದನ್ನು ಒಂದು ಗಿಡವೆಂದುಕೊಳ್ಳುತ್ತೇವೆ. ಅದು ಒಂದಲ್ಲ, ಎರಡು. ಒಳಗೆ ಹಸಿರು ಪಾಚಿಯ ಪುಟ್ಟ ಗುಂಡುಗಳು, ಅವುಗಳ ಸುತ್ತ ಬೂಷ್ಟಿನ ಜಾತಿಯ ಎಳೆಗಳು. ಪಾಚಿ ಬಿಸಿಲು ಹಿಡಿದು ಅನ್ನ ಬೇಯಿಸುತ್ತದೆ. ಬೂಷ್ಟು ಮನೆ ಕಟ್ಟುತ್ತದೆ, ನೀರು ಹಿಡಿದಿಡುತ್ತದೆ, ಕಲ್ಲನ್ನು ಕಚ್ಚಿಕೊಳ್ಳುತ್ತದೆ. ಇವೆರಡೂ ಕೂಡಿ, ಬೇರೆ ಯಾರೂ ಬದುಕಲಾರದ ಕಡೆ ನೂರಾರು ವರ್ಷ ಬದುಕುತ್ತವೆ. ವರ್ಷಕ್ಕೆ ಉಗುರಿನ ಅಂಚಿನಷ್ಟು ಬೆಳೆದರೆ ಹೆಚ್ಚು. ಅವಸರವೆಂಬುದೇ ಇಲ್ಲದ ಸಂಸಾರ ಅದು.

ಪ್ರೊಫೆಸರು ಈ ಸಂಸಾರವನ್ನು ಒಡೆದು, ಮತ್ತೆ ಕೂಡಿಸಿ ನೋಡಬೇಕೆಂದಿದ್ದರು. ಒಡೆಯುವುದು ತಟ್ಟೆಯಕ್ಕನ ಕೈಯಲ್ಲಿತ್ತು, ಅದು ಸಲೀಸಾಗಿ ಆಯಿತು. ಕೂಡಿಸುವುದು ಎಂಟು ವರ್ಷವಾದರೂ ಆಗಿರಲಿಲ್ಲ. ಮನೆ ಮುರಿಯುವುದಕ್ಕೆ ಒಬ್ಬರು ಸಾಕು ಎಂದು ನಾನು ತಮಾಷೆ ಮಾಡಿದರೆ ಪ್ರೊಫೆಸರು ನಗುತ್ತಿರಲಿಲ್ಲ.

ಅವಳು ಒಡೆಯುವುದನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ತೊಗಟೆಯ ಚೂರನ್ನು ಒಂದು ಗಂಟೆ ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಿದ್ದಳು. ಕಲ್ಲುಹೂವಿನ ಮೇಲೆ ಪುಟ್ಟ ಬಟ್ಟಲುಗಳಂಥವು ಇರುತ್ತವೆ, ಅವನ್ನು ಬ್ಲೇಡಿನಿಂದ ಬಿಡಿಸಿ, ಒಂದಿಷ್ಟು ವ್ಯಾಸಲೀನ್ ಹಚ್ಚಿ, ತಟ್ಟೆಯ ಮುಚ್ಚಳದ ಒಳಮೈಗೆ ತಲೆಕೆಳಗಾಗಿ ಅಂಟಿಸುತ್ತಿದ್ದಳು. ಮರುದಿನ ಬೆಳಿಗ್ಗೆ ನೋಡಿದರೆ ಬೂಷ್ಟಿನ ಬೀಜಕಣಗಳು ಕೆಳಗಿನ ಅಗರ್ ಮೇಲೆ ಪುಡಿ ಉದುರಿದಂತೆ ಬಿದ್ದಿರುತ್ತಿದ್ದವು. ಪಾಚಿಯದು ಇನ್ನೂ ಸೂಕ್ಷ್ಮ. ಗಾಜಿನ ನಳಿಕೆಯನ್ನು ಬೆಂಕಿಗೆ ಹಿಡಿದು ಕೂದಲೆಳೆಯಷ್ಟು ಸಣ್ಣಗೆ ಎಳೆದು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಒಂದೇ ಒಂದು ಹಸಿರು ಗುಂಡನ್ನು ಹೀರಿ ಎತ್ತುತ್ತಿದ್ದಳು. ಆ ಹೊತ್ತಿನಲ್ಲಿ ಯಾರಾದರೂ ಸೀನಿದರೆ ಸಾಕು, ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ. ಅವಳು ಉಸಿರು ಬಿಗಿಹಿಡಿದಿರುತ್ತಿದ್ದಳು. ಬಾಗಿಲಲ್ಲಿ ನಿಂತ ನಾನೂ ಬಿಗಿಹಿಡಿದಿರುತ್ತಿದ್ದೆ.

ಬೇರೆಯಾದ ಮೇಲೆ ಪಾಚಿ ತನ್ನ ತಟ್ಟೆಯಲ್ಲಿ ಹಾಯಾಗಿ ಹರಡಿಕೊಳ್ಳುತ್ತಿತ್ತು. ಬೂಷ್ಟು ನಾಲ್ಕು ತಿಂಗಳಾದರೂ ಸಾಸಿವೆಯಷ್ಟೇ. ರೂಪವಿಲ್ಲ, ಆಕಾರವಿಲ್ಲ, ಅಗಿದು ಉಗುಳಿದ ರಬ್ಬರಿನ ಉಂಡೆ.

"ನೋಡು ಸ್ಟೋರಮ್ಮ," ಎಂದಿದ್ದಳು ಒಮ್ಮೆ. "ಈ ಹಸಿರಿಗೆ ಯಾರೂ ಬೇಡ. ಬೂಷ್ಟಿಗೇ ಯಾರಾದ್ರೂ ಬೇಕು. ನಮ್ಮನೇಲೂ ಹಾಗೇ. ನಾನು ಹೇಗಾದ್ರೂ ಬದುಕ್ತೀನಿ. ಅವಳು ನಾನಿಲ್ದೆ ಒಂದು ದಿನ ಬದುಕಲ್ಲ."

ಅವಳು ಎಂದರೆ ತಂಗಿ. ಅಕ್ಕನಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಅಪ್ಪ ಮೊದಲೇ ಇರಲಿಲ್ಲ, ಅಮ್ಮ ಹೋದಾಗ ಅಕ್ಕನಿಗೆ ಹತ್ತೊಂಬತ್ತು, ತಂಗಿಗೆ ಎಂಟು. ಅಕ್ಕ ಕೆಲಸಕ್ಕೆ ಸೇರಿದಳು, ತಂಗಿಯನ್ನು ಬೆಳೆಸಿದಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಬಟ್ಟೆ ತೊಳೆಯುವ ಅಂಗಡಿಯೊಂದರ ಮೇಲೆ ಎರಡು ಕೋಣೆಯ ಮನೆ. ಒಂದು ಬೀರು, ಒಂದು ಛತ್ರಿ, ಮೇಜಿನ ಎರಡು ಬದಿಗೆ ಎರಡು ಕುರ್ಚಿ. ತಂಗಿ ಮನೆಯಲ್ಲೇ ಕೂತು ಹೊಲಿಗೆ ಮಾಡುತ್ತಿದ್ದಳು. ಅಕ್ಕ ಬರುವ ಬಸ್ಸಿನ ಸದ್ದಿಗೆ ತಂಗಿ ಒಲೆಯ ಮೇಲೆ ಟೀಗೆ ನೀರಿಡುತ್ತಿದ್ದಳು, ಅಕ್ಕ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅದು ಕುದಿಯುತ್ತಿತ್ತು. ಇದಕ್ಕಿಂತ ಹೆಚ್ಚಿನದು ಬದುಕಿನಲ್ಲಿ ಇದೆಯೆಂದು ತಟ್ಟೆಯಕ್ಕನಿಗೆ ಅನ್ನಿಸಿರಲಿಲ್ಲ. ಈ ಲೋಕದಲ್ಲಿ ಅವಳಿಗೆ ಅಂತ ಇದ್ದದ್ದು ತಂಗಿ ಒಬ್ಬಳೇ, ಅವಳನ್ನು ಕಳೆದುಕೊಂಡರೆ ಉಳಿಯುವುದು ತೊಳೆದಿಟ್ಟ ಗಾಜು ಮಾತ್ರ.

ಕೆಡಿಸಿದ್ದು ಒಂದು ಕನ್ನಡಕ. ಅಕ್ಕನ ಕಣ್ಣಿನ ನಂಬರು ಬದಲಾದಾಗಲೆಲ್ಲ ಹಳೆಯ ಕನ್ನಡಕ ತಂಗಿಗೆ ಹೋಗುತ್ತಿತ್ತು. ಅಕ್ಕನ ಸ್ವೆಟರು ತಂಗಿಗೆ ಹೋದ ಹಾಗೆ, ಚಪ್ಪಲಿ ಹೋದ ಹಾಗೆ. ತಂಗಿಗೆ ನಲವತ್ತೈದಾದಾಗ ಅದರ ಕಡ್ಡಿ ಮುರಿಯಿತು. ಅಕ್ಕ ಕೆಲಸದಲ್ಲಿದ್ದಳು, ತಂಗಿ ಒಬ್ಬಳೇ ರಸ್ತೆಯಾಚೆಯ ಕನ್ನಡಕದ ಅಂಗಡಿಗೆ ಹೋದಳು. ಅಂಗಡಿಯವರು ಹೆಂಡತಿ ತೀರಿಕೊಂಡ ಮೆತ್ತನೆಯ ಮನುಷ್ಯ. ಶುಭ್ರವಾಗಿರುವ ಗಾಜನ್ನೂ ಇನ್ನೊಮ್ಮೆ ಊದಿ ಒರೆಸುವ ಜಾತಿ. ಅವಳ ಕಣ್ಣು ಪರೀಕ್ಷೆ ಮಾಡಿ, ಆ ಕನ್ನಡಕವನ್ನು ಎತ್ತಿ ನೋಡಿ, "ಇದು ಯಾರ್ದಮ್ಮ?" ಎಂದು ಕೇಳಿದರಂತೆ. ಅವಳ ಕಣ್ಣಿಗೂ ಆ ಗಾಜಿಗೂ ಎತ್ತಣಿಂದೆತ್ತಲೂ ಸಂಬಂಧವಿರಲಿಲ್ಲ. ಹೊಸ ಕನ್ನಡಕ ಹಾಕಿಕೊಂಡು ಬಂದ ದಿನ ತಂಗಿ ಕಿಟಕಿಯ ಹತ್ತಿರ ಅರ್ಧ ಗಂಟೆ ನಿಂತು, "ಅಕ್ಕ, ಎದುರು ಗೋಡೇಲಿ ಇಟ್ಟಿಗೆ ಎಣಿಸ್ಬಹುದು," ಎಂದಳು. ಅಕ್ಕ ಅದನ್ನು ಬೈಗುಳವೆಂದೇ ತೆಗೆದುಕೊಂಡಳು.

ವರ್ಷ ಕಳೆದ ಮೇಲೆ ತಂಗಿ ಊಟದ ತಟ್ಟೆಯಲ್ಲಿ ಬೆರಳಾಡಿಸುತ್ತಾ ಹೇಳಿದಳಂತೆ, ಕನ್ನಡಕದವರು ಕೇಳುತ್ತಿದ್ದಾರೆ, ನನಗೂ ಒಪ್ಪಿಗೆ, ಅಂಗಡಿಯ ಹಿಂದೆ ಮೂರು ಕೋಣೆ ಇವೆ, ಅಕ್ಕ ನೀನೂ ಬಾ. ಅಕ್ಕ "ನಿನ್ನಿಷ್ಟ" ಎಂದು ಕೈ ತೊಳೆಯಲು ಎದ್ದಳು. ಬರುತ್ತೀಯಾ ಎಂದು ಮತ್ತೆ ಕೇಳಿದಾಗ, "ನಿಮ್ಮಿಬ್ಬರ ಮಧ್ಯೆ ನಾನ್ಯಾಕೆ?" ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಮದುವೆ ನೋಂದಣಿ ಕಚೇರಿಯಲ್ಲಿ ಆಯಿತು. ಸಾಕ್ಷಿಗೆ ನಾನು ಸಹಿ ಹಾಕಿದೆ. ತಂಗಿ ಅಕ್ಕನ ಕೈ ಹಿಡಿದು ಅತ್ತಳು, ಕನ್ನಡಕದವರು ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಅಕ್ಕ ಗಡಿಯಾರ ನೋಡಿದಳು. "ಹನ್ನೊಂದೂವರೆಗೆ ಹಬೆ ಇಳಿಯುತ್ತೆ, ತಟ್ಟೆ ತೆಗೀಬೇಕು," ಎಂದು ಹೊರಟುಬಿಟ್ಟಳು. ನಿಜಕ್ಕೂ ಹೋಗಿ ತಟ್ಟೆ ತೆಗೆದಳು. ಆ ದಿನ ಒಂದೂ ಒಡೆಯಲಿಲ್ಲ.

ಆಮೇಲೆ ಅವಳಿಗೆ ಏನಾಯಿತೆಂದು ಹೇಳುವುದು ಕಷ್ಟ, ಏಕೆಂದರೆ ಏನೂ ಆಗಲಿಲ್ಲ. ಅಳಲಿಲ್ಲ, ಸೊರಗಲಿಲ್ಲ, ಹೊತ್ತಿಗೆ ಸರಿಯಾಗಿ ಬಂದಳು, ಹೊತ್ತಿಗೆ ಸರಿಯಾಗಿ ಹೋದಳು. ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ, ತಂಗಿಯನ್ನು ಬೈದಿದ್ದರೆ ನಾನೂ ನಾಲ್ಕು ಮಾತು ಸೇರಿಸುತ್ತಿದ್ದೆ. ಅವಳು ನಲ್ಲಿ ತಿರುಗಿಸಿ, ಕೊಡ ತುಂಬಿ ಚೆಲ್ಲುತ್ತಿದ್ದರೂ ಅದನ್ನೇ ನೋಡುತ್ತಾ ನಿಂತಿರುತ್ತಿದ್ದಳು. ಇಳಿಯಬೇಕಾದ ಸ್ಟಾಪು ದಾಟಿ ಬಸ್ಸಿನ ಕೊನೆಯ ನಿಲ್ದಾಣದವರೆಗೂ ಹೋಗಿ, ಅದೇ ಬಸ್ಸಿನಲ್ಲಿ ಕೂತು ವಾಪಸ್ ಬರುತ್ತಿದ್ದಳು. ಒಂದು ದಿನ ನನ್ನ ಕಿಟಕಿಗೆ ಬಂದಾಗ ಅವಳ ಮಣಿಕಟ್ಟಿನ ಮೇಲೆ ಎರಡು ಬೆರಳಗಲ ಬೊಬ್ಬೆ ಎದ್ದಿತ್ತು. ಆಟೋಕ್ಲೇವಿನ ಮುಚ್ಚಳ ತಾಗಿತ್ತು.

"ಯಾವಾಗ ಸುಟ್ಕೊಂಡೆ?" ಎಂದೆ.

ಅವಳು ಕೈ ತಿರುಗಿಸಿ ನೋಡಿದಳು. "ಗೊತ್ತಿಲ್ಲ," ಎಂದಳು. ನಾನೇ ಮುಲಾಮು ಹಚ್ಚಿದೆ. ಪಕ್ಕದ ಮನೆಯವರ ಕೈಗೆ ಹಚ್ಚುತ್ತಿರುವುದನ್ನು ನೋಡುವವಳ ಹಾಗೆ ನೋಡುತ್ತಿದ್ದಳು.

ತಂಗಿ ಪ್ರತಿ ಭಾನುವಾರ ಡಬ್ಬಿ ತುಂಬಿಕೊಂಡು ಅಕ್ಕನ ಮನೆಗೆ ಹೋಗುತ್ತಿದ್ದಳು. ಅಕ್ಕ "ಅಲ್ಲಿಡು" ಎನ್ನುತ್ತಿದ್ದಳು. ಡಬ್ಬಿ ಮೇಜಿನ ಮೇಲೆ, ಇಬ್ಬರೂ ಎರಡು ಬದಿಯ ಕುರ್ಚಿಗಳಲ್ಲಿ. ಒಂದು ಗಂಟೆ ಕೂತು ತಂಗಿ ಎದ್ದು ಬರುತ್ತಿದ್ದಳು. ಒಮ್ಮೆ ನನ್ನ ಸ್ಟೋರಿನ ಕಿಟಕಿಗೇ ಬಂದುಬಿಟ್ಟಳು.

"ಸ್ಟೋರಮ್ಮ, ಅಕ್ಕಂಗೆ ನನ್ ಮೇಲೆ ಕೋಪಾನಾ? ಬೈದ್ರೂ ಪರವಾಗಿಲ್ಲ, ಮಾತಾಡ್ಲಿ ಅಂತ ಹೇಳಿ. ನಂಗೆ ಅವಳ್ ಬಿಟ್ರೆ ತವರು ಅಂತ ಯಾರಿದ್ದಾರೆ?"

ನಾನು ಎರಡನೇ ಮಹಡಿ ಹತ್ತಿ, ಅಕ್ಕನನ್ನು ಹಿಡಿದು ಕೇಳಿದೆ. ಅವಳು ತಟ್ಟೆ ಒರೆಸುತ್ತಲೇ, "ಕೋಪ ಇಲ್ಲ. ಏನೂ ಇಲ್ಲ," ಎಂದಳು. ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಮೂರು ತಿಂಗಳ ಮೇಲೆ ನಾನು ಸ್ಟೋರಿನ ಕಪಾಟು ಜೋಡಿಸುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಗರ್ ಡಬ್ಬಿಗಳು ಖಾಲಿಯಾಗುತ್ತಿವೆ, ಸಕ್ಕರೆ ಡಬ್ಬಿಗಳು ಹಾಗೇ ಕೂತಿವೆ. ಮೊದಲೆಲ್ಲ ತಟ್ಟೆಯಕ್ಕ ಹದಿನೈದು ದಿನಕ್ಕೊಂದು ಡಬ್ಬಿ ಒಯ್ಯುತ್ತಿದ್ದಳು. ಬೇರೆ ಯಾವ ಕೋಣೆಗೂ ಅಷ್ಟು ಬೇಕಾಗುತ್ತಿರಲಿಲ್ಲ. ಟೀಗೆ ಹಾಕಿಕೊಳ್ಳುತ್ತಾಳೋ ಏನೋ ಎಂದು ನಾನು ಕಣ್ಣು ಮುಚ್ಚಿಕೊಂಡಿದ್ದೆ. ಈಗ ತಟ್ಟೆಗಳೇನೋ ತಯಾರಾಗುತ್ತಿವೆ, ಸಕ್ಕರೆ ಮಾತ್ರ ಹೋಗುತ್ತಿಲ್ಲ. ನಾನು ಮೇಲೆ ಹೋದೆ.

"ಅಕ್ಕ, ಸಕ್ಕರೆ ಎಲ್ಲಿಂದ ತರ್ತಿದೀಯ?"

"ಯಾವ ಸಕ್ಕರೆ?" ಎಂದವಳು ಗೋಡೆಯ ಮೇಲೆ ಅಂಟಿಸಿದ್ದ ಪ್ರೊಫೆಸರರ ಪಟ್ಟಿಯ ಕಡೆ ತಿರುಗಿದಳು. ಇಷ್ಟು ನೀರಿಗೆ ಇಷ್ಟು ಅಗರ್, ಚಿಟಿಕೆ ಉಪ್ಪುಗಳು, ಕಾಲು ಚಮಚ ಸಕ್ಕರೆ. ಬೆರಳಿಟ್ಟು ಓದಿದಳು. "ಹಾಕಿಲ್ಲ," ಎಂದಳು. "ಅವಳು ಹೋದಾಗಿನಿಂದ ಹಾಕೇ ಇಲ್ಲ."

"ಕಾಲು ಚಮಚಕ್ಕೆ ಹದಿನೈದು ದಿನಕ್ಕೊಂದ್ ಡಬ್ಬಿ ಹೆಂಗೆ ಖಾಲಿ ಮಾಡ್ತಿದ್ದೆ ಮಾರಾಯ್ತಿ?"

ಆಗ ಹೇಳಿದಳು. ಕಾಲು ಚಮಚ ಎಂದು ಬರೆದದ್ದು ಪ್ರೊಫೆಸರು, ಅವರು ಅಡುಗೆ ಮಾಡಿದವರಲ್ಲ. ಪಾಚಿಯನ್ನೂ ಬೂಷ್ಟನ್ನೂ ಒಂದೇ ತಟ್ಟೆಯಲ್ಲಿ ಕೂಡಿಸಿ ಇಟ್ಟಾಗ ಅವು ಸೊರಗಿದಂತೆ ಕಾಣುತ್ತಿದ್ದವು. ಹೊಸ ಜಾಗ, ಹೊಸ ಜೊತೆ, ಹೊಟ್ಟೆಗಾದರೂ ಸರಿಯಾಗಿ ಬೀಳಲಿ ಎಂದು ಎಂಟು ವರ್ಷದಿಂದ ಪ್ರತಿ ಸಲವೂ ಮೂರು ಚಮಚ ಹೆಚ್ಚಿಗೆ ಹಾಕುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಅತ್ತೆ ಮನೆಗೆ ಬಂದ ಸೊಸೆಗೆ ತುಪ್ಪ ಬಡಿಸಿದ ಹಾಗೆ ಬಡಿಸಿದ್ದಳು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಈಗ ಮೂರು ತಿಂಗಳಿಂದ ಮುನ್ನೂರು ತಟ್ಟೆಗಳು ಉಪವಾಸ ಬಿದ್ದಿವೆ.

"ಪ್ರೊಫೆಸರಿಗೆ ಹೇಳ್ಬೇಕಲ್ಲ," ಎಂದೆ.

"ಹೇಳ್ತೀನಿ," ಎಂದಳು. ಎರಡು ವರ್ಷದಲ್ಲಿ ನಿವೃತ್ತಿಯಾಗುವವಳು, ಕೆಲಸಕ್ಕೆ ಸಂಚಕಾರ ಬರಬಹುದಾದ ಮಾತು, ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಪ್ರೊಫೆಸರು ಮೊದಲು ಕೂಗಾಡಿದರು. ಆಮೇಲೆ, ಎಸೆಯುವ ಮುಂಚೆ ಒಂದನ್ನು ನೋಡೋಣವೆಂದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಇಟ್ಟವರು ಕಣ್ಣು ತೆಗೆಯಲೇ ಇಲ್ಲ. ಇನ್ನೊಂದು ತಟ್ಟೆ ತರಿಸಿದರು. ಮತ್ತೊಂದು. ಹತ್ತನೆಯದರ ಹೊತ್ತಿಗೆ ಅವರ ಕಿವಿ ಕೆಂಪಾಗಿತ್ತು.

"ಹಿಡ್ಕೊಂಡಿವೆ," ಎಂದರು. "ಹಿಡ್ಕೊಂಡಿವೆ ಕಣಮ್ಮ! ಎಂಟು ವರ್ಷ!"

ನನಗೂ ತೋರಿಸಿದರು. ಬೂಷ್ಟಿನ ಬಿಳಿ ಎಳೆಗಳು ಹಸಿರು ಗುಂಡುಗಳತ್ತ ಬೆಳೆದು, ಒಂದೊಂದನ್ನೂ ಬೆರಳುಗಳಲ್ಲಿ ಹಿಡಿದಂತೆ ಸುತ್ತಿ ಹಿಡಿದಿದ್ದವು. ಎಂಟು ವರ್ಷ ಒಂದೇ ತಟ್ಟೆಯಲ್ಲಿದ್ದೂ ಒಂದರ ಮುಖ ಒಂದು ನೋಡದವು ಈಗ ಬಿಡಿಸಲಾಗದಂತೆ ಅಂಟಿದ್ದವು. ತಟ್ಟೆಯಕ್ಕ ಹೆಚ್ಚಿನ ಮೂರು ಚಮಚದ ವಿಷಯ ಹೇಳಿದಳು. ಪ್ರೊಫೆಸರು ಕುರ್ಚಿಯಲ್ಲಿ ಕುಸಿದು ಕೂತು, ಕೊನೆಗೆ ನಕ್ಕರು. ಅತಿಯಾದರೆ ಅಮೃತವೂ ವಿಷ ಎಂದು ನಾನು ಒಂದು ಗಾದೆ ಉದುರಿಸಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಹೊಟ್ಟೆ ತುಂಬಿದ್ರೆ ಇವು ಕೂಡೋದೇ ಇಲ್ವಾ ಸಾರ್?" ಎಂದು ಅಕ್ಕ ಕೇಳಿದಳು.

"ಯಾಕೆ ಕೂಡ್ಬೇಕು? ಕೂತಲ್ಲೇ ಸಿಗ್ತಿದ್ರೆ ಯಾರಿಗ್ ಯಾರು ಬೇಕು? ಬೇರೆ ದಾರಿ ಎಲ್ಲಾ ಮುಚ್ಚಿದ್ರೇನೇ ಒಂದನ್ನೊಂದು ಹಿಡ್ಕೊಳ್ಳೋದು. ಜನ ಇದನ್ನ ಪ್ರೀತಿ ಅಂತಾರೆ, ಸ್ನೇಹ ಅಂತಾರೆ. ನಂಗೇನೋ ಬರಗಾಲ ಅಂತ ಕಾಣುತ್ತೆ."

ಅವರು ಫೋನ್ ಮಾಡಲು ಓಡಿದರು. ಅಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ನಾನು ಕಾದೆ. ಟೀ ಹೊತ್ತಾಯಿತು, ಕರೆದೆ, ಓಗೊಡಲಿಲ್ಲ. ಹತ್ತಿರ ಹೋಗಿ ನೋಡಿದರೆ ಅವಳ ಭುಜ ಅಲುಗುತ್ತಿತ್ತು. ಮೂರು ತಿಂಗಳಲ್ಲಿ ಮೊದಲ ಸಲ ಅವಳಿಗೆ ಏನೋ ತಾಗಿತ್ತು.

ಮೆಟ್ಟಿಲ ಮೇಲೆ ಕೂರಿಸಿ ನೀರು ಕೊಟ್ಟೆ. ಅಲ್ಲಿ ಹೇಳಿದಳು.

ಇಪ್ಪತ್ತು ವರ್ಷದ ಹಿಂದಿನ ಮಾತು. ತಂಗಿಗೆ ಆಗ ಇಪ್ಪತ್ತಾರು. ಹೊಲಿಗೆ ಮಿಷನ್ ಕೆಟ್ಟಾಗ ರಿಪೇರಿಗೆ ಒಬ್ಬ ಬರುತ್ತಿದ್ದ. ಅಕ್ಕ ಅವನನ್ನು ನೋಡಿದ್ದು ಒಂದೇ ಸಲ, ಎತ್ತರದ ಆಳು, ಕೈಯೆಲ್ಲ ಎಣ್ಣೆ. ಕೆಲಸ ಮಾಡಿ ಹೋಗುವವನ ಹೆಸರು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಒಂದು ದಿನ ಅಕ್ಕನ ಹೆಸರಿಗೆ, ಕೆಲಸದ ವಿಳಾಸಕ್ಕೆ, ಅವನಿಂದ ಕಾಗದ ಬಂತು. ನಿಮ್ಮ ತಂಗಿಯನ್ನು ಮದುವೆಯಾಗಬೇಕೆಂದಿದ್ದೇನೆ, ಅವರನ್ನು ಕೇಳುವ ಧೈರ್ಯವಿಲ್ಲ, ಹಿರಿಯರಾದ ನೀವು ಕೇಳಿ ಹೇಳಿ. ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆ, ತಿಂಗಳ ಕೊನೆಗೆ ಹೊರಡುತ್ತೇನೆ, ಉತ್ತರ ಬರದಿದ್ದರೆ ಇಷ್ಟವಿಲ್ಲವೆಂದು ತಿಳಿಯುತ್ತೇನೆ. ಕೆಳಗೆ ಸಹಿ, ಹೆಸರು, ವಿಳಾಸ.

"ಒಂದ್ಸಲ ಓದ್ದೆ. ಹಾಳಾದ ತಟ್ಟೆಗಳ ಚೀಲ ಪಕ್ಕದಲ್ಲೇ ಇತ್ತು. ಅದರೊಳಗೆ ಹಾಕಿ ಹಬೆಗಿಟ್ಟೆ. ಇಪ್ಪತ್ತು ನಿಮಿಷ. ತೆಗೆದಾಗ ಮುದ್ದೆಯಾಗಿತ್ತು, ಶಾಯಿ ಎಲ್ಲಾ ನೀಲಿ ನೀರು."

ನಾವು ಕಟ್ಟಡದಲ್ಲಿ ಯಾವುದನ್ನಾದರೂ ನಾಶ ಮಾಡುವುದು ಹಾಗೆಯೇ, ಹರಿಯುವುದಿಲ್ಲ, ಸುಡುವುದಿಲ್ಲ, ಹಬೆಗಿಡುತ್ತೇವೆ. ಒಂದು ಕಾಗದವನ್ನು ಹಾಗೆ ಮುಗಿಸುವ ಬುದ್ಧಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

"ಯಾಕೆ ಹಾಗ್ಮಾಡ್ದೆ?" ಎಂದೆ. ನನಗೆ ಸಿಟ್ಟು ಬಂದಿತ್ತು.

"ಅವಳಿಗೆ ಸಿಗಬೇಕಾದ್ದು ಸಿಗದ ಹಾಗೆ ಮಾಡ್ದೆ. ಅದಕ್ಕೇ ನನ್ನ ಹಿಡ್ಕೊಂಡಿದ್ಲು. ನಾನು ಅದನ್ನ ಪ್ರೀತಿ ಅಂದ್ಕೊಂಡಿದ್ದೆ ಸ್ಟೋರಮ್ಮ, ಇಪ್ಪತ್ತು ವರ್ಷ. ಇಲ್ಲಿ ಯಾವುದೋ ಬೂಷ್ಟಿಗೆ ಮರುಗಿ ಮೂರು ಚಮಚ ಹೆಚ್ಚಿಗೆ ಹಾಕ್ದೆ."

ಅವಳು ಕಣ್ಣು ಒರೆಸಿಕೊಂಡು, ಇದನ್ನು ತಂಗಿಗೆ ಹೇಳಬೇಕು ಎಂದಳು. ನಾನು ಬೇಡವೆಂದೆ. ಅವಳೀಗ ಸುಖವಾಗಿದ್ದಾಳೆ, ಇಲ್ಲದ ಉಸಾಬರಿ ಯಾಕೆ, ಉಳಿದಿರುವ ಒಬ್ಬಳನ್ನೂ ಕಳೆದುಕೊಳ್ಳುತ್ತೀಯ, ಎಂದು ಬುದ್ಧಿ ಹೇಳಿದೆ. ಅವಳು ಕೇಳಿಸಿಕೊಂಡಳು. ಶನಿವಾರ ಮಧ್ಯಾಹ್ನ ನನ್ನ ಕಿಟಕಿಗೆ ಬಂದು, "ಜೊತೆಗೆ ಬರ್ತೀಯಾ? ಒಬ್ಳೇ ಹೋದ್ರೆ ಬಸ್ಸಿಂದ ಇಳಿಯಲ್ಲ," ಎಂದಳು.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಕನ್ನಡಕದವರು ಒಳಕೋಣೆಯಲ್ಲಿ ಗಾಜು ಉಜ್ಜುತ್ತಿದ್ದರು, ಯಂತ್ರದ ಸದ್ದು ಬರುತ್ತಿತ್ತು. ತಂಗಿ ಗಲ್ಲಾದ ಹಿಂದೆ ನಿಂತು ಚೌಕಟ್ಟುಗಳನ್ನು ಮೃದುವಾದ ಬಟ್ಟೆಯಲ್ಲಿ ಒರೆಸಿ ಸಾಲಾಗಿ ಇಡುತ್ತಿದ್ದಳು. ಮೈ ಸ್ವಲ್ಪ ತುಂಬಿಕೊಂಡಿತ್ತು, ಮುಖದಲ್ಲಿ ಗೆಲುವಿತ್ತು. ಅಕ್ಕ ತಾನಾಗಿ ಬಂದದ್ದು ಅದೇ ಮೊದಲು. ತಂಗಿಯ ಸಂತೋಷ ನೋಡಲಾಗದೆ ನಾನು ಹೋಗಿ ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತೆ.

"ಅಕ್ಕ, ಕೂತ್ಕೋ. ಟೀ ಇಡ್ತೀನಿ."

"ಬೇಡ. ನಿಂತೇ ಹೇಳ್ತೀನಿ," ಎಂದಳು ಅಕ್ಕ. ನಿಂತೇ ಹೇಳಿದಳು. ಬಿಡಲಿಲ್ಲ, ಸೇರಿಸಲಿಲ್ಲ, ತನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಹಬೆಯ ಇಪ್ಪತ್ತು ನಿಮಿಷವನ್ನೂ ಹೇಳಿದಳು.

ತಂಗಿ ಕೈಯಲ್ಲಿದ್ದ ಚೌಕಟ್ಟನ್ನು ಒರೆಸುತ್ತಲೇ ಇದ್ದಳು. ಅದರ ಒಂದು ಕಡ್ಡಿಯನ್ನು ಒರೆಸಿದಳು, ಇನ್ನೊಂದನ್ನು ಒರೆಸಿದಳು, ಮತ್ತೆ ಮೊದಲನೆಯದಕ್ಕೆ ಬಂದಳು.

"ಮಿಷನ್ ಕೆಟ್ಟಿರ್ಲಿಲ್ಲ ಅಕ್ಕ," ಎಂದಳು ಕೊನೆಗೆ. "ಬೆಲ್ಟ್ ನಾನೇ ಸಡಿಲ ಮಾಡ್ತಿದ್ದೆ. ನಾಲ್ಕು ಸಲ. ಐದನೇ ಸಲ ಮಾಡ್ದಾಗ ಬೇರೆ ಯಾರೋ ಬಂದ. ಅವರು ಊರು ಬಿಟ್ರು ಅಂದ. ನಾನು ಅವರಿಗೆ ನನ್ ನೆನಪೂ ಇರ್ಲಿಲ್ಲ ಅಂದ್ಕೊಂಡೆ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ."

ಅಕ್ಕ ಗಲ್ಲಾದ ಅಂಚು ಹಿಡಿದುಕೊಂಡಳು.

"ಅವರ ಹೆಸರೇನಿತ್ತು?"

ಒಳಗೆ ಯಂತ್ರ ನಿಂತಿತ್ತು.

"ಕಾಗದದಲ್ಲಿ ಇತ್ತಲ್ಲ. ಓದಿದ್ಯಲ್ಲ. ನಂಗೆ ಹೆಸರೂ ಗೊತ್ತಿಲ್ಲ, ಅಕ್ಕ. ನಾನು ಯಾವತ್ತೂ ಕೇಳ್ಲಿಲ್ಲ, ಮುಂದಿನ ಸಲ ಕೇಳ್ತೀನಿ ಅಂತಿದ್ದೆ. ಏನಿತ್ತು?"

"ನೆನಪಿಲ್ಲ," ಎಂದಳು ಅಕ್ಕ.

ತಂಗಿ ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ಅವಳು ಆ ಚೌಕಟ್ಟನ್ನು ಸಾಲಿನಲ್ಲಿಟ್ಟು, "ನೆನಪು ಮಾಡ್ಕೋ," ಎಂದಳು. ಪರದೆ ಸರಿಸಿ ಒಳಗೆ ಹೋದಳು. ನಾವು ಬಸ್ ಸ್ಟಾಪಿಗೆ ನಡೆದೆವು. ಅಕ್ಕನ ತುಟಿ ಅಲುಗುತ್ತಿತ್ತು. ಗಂಡಸರ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಂಡು, ಒಂದೊಂದನ್ನೂ ಅಲ್ಲವೆಂದು ತಲೆಯಾಡಿಸುತ್ತಿದ್ದಳು.

ಪ್ರೊಫೆಸರರ ಲೇಖನ ಅಚ್ಚಾಯಿತು. ಅದರಲ್ಲಿ ಹೆಚ್ಚಿನ ಮೂರು ಚಮಚದ ಸುದ್ದಿ ಇಲ್ಲ. ತಟ್ಟೆಯಕ್ಕ ನಿವೃತ್ತಳಾದಳು, ನಾನೂ ಆದೆ. ಈಗ ಭಾನುವಾರ ತಂಗಿ ಬರುವುದಿಲ್ಲ, ಅಕ್ಕನೇ ಹೋಗುತ್ತಾಳೆ. ತಂಗಿ ಬಾಗಿಲು ತೆಗೆಯುತ್ತಾಳೆ, ಟೀ ಕೊಡುತ್ತಾಳೆ. ಅಕ್ಕ ಲೋಟ ಕೆಳಗಿಟ್ಟಾಗ, "ನೆನಪಾಯ್ತಾ?" ಎಂದು ಕೇಳುತ್ತಾಳೆ. ಇಲ್ಲ ಎಂದು ಅಕ್ಕ ಎದ್ದು ಬರುತ್ತಾಳೆ. ಇಬ್ಬರ ನಡುವೆ ಬೇರೆ ಮಾತಿಲ್ಲ. ಅಕ್ಕನ ಮುಖ ಮತ್ತೆ ಮೊದಲಿನ ಹಾಗೇ ಆಗಿದೆ, ಬೊಬ್ಬೆ ಎದ್ದರೂ ತಿಳಿಯದ ಮುಖ.

ಕಳೆದ ವಾರ ಅವಳ ಜೊತೆ ಬಸ್ಸಿಗೆ ಕಾಯುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. "ಎರಡು ವರ್ಷ ಆಯ್ತು ಮಾರಾಯ್ತಿ. ಬಾಯಿಗ್ ಬಂದ ಹೆಸರೊಂದು ಹೇಳಿ ಮುಗಿಸ್ಬಾರ್ದಾ? ಸುಳ್ಳೋ ನಿಜವೋ ಅವಳಿಗೇನು ಗೊತ್ತಾಗುತ್ತೆ?"

ತಟ್ಟೆಯಕ್ಕ ಬಸ್ಸು ಬರುವ ದಿಕ್ಕಿಗೆ ತಿರುಗಿದಳು.

"ಸುಳ್ಳಾದ್ರೂ ಅವಳು ಅದನ್ನೇ ನಿಜ ಅಂತ ಇಟ್ಕೊಂಡ್ಬಿಡ್ತಾಳೆ," ಎಂದಳು.

ಬಸ್ಸು ಬಂತು. ನಾವಿಬ್ಬರೂ ಹತ್ತಿದೆವು.